ಇರುವೆಯ ಸೊಂಟದಲ್ಲಿ ಎಷ್ಟು ಗಂಟು?

ಹೊಸನಗರದ ಕಡೆಯ ಹೈಸ್ಕೂಲೊಂದರಲ್ಲಿ ನಾನು ಪಾಠ ಹೇಳುತ್ತಿದ್ದಾಗ ನಡೆದದ್ದು. ಎಂಟನೇ ತರಗತಿಯ ಹುಡುಗನೊಬ್ಬ ಆಟದ ಬಯಲಿನಿಂದ ಕಾಲು ತಿಕ್ಕಿಕೊಳ್ಳುತ್ತ ಬಂದ. ಸಣ್ಣ ಕೆಂಪಿರುವೆಗಳು ಕಚ್ಚಿದ್ದವು. 'ಇರುವೆಯ ವಿಷ ಫಾರ್ಮಿಕ್ ಆಮ್ಲ, ಆಮ್ಲಕ್ಕೆ ಪ್ರತ್ಯಾಮ್ಲವೇ ಮದ್ದು' ಎಂದು ಯಾರದೋ ಎಲೆಯಡಿಕೆ ಚೀಲದಿಂದ ಸುಣ್ಣ ತರಿಸಿ ಹಚ್ಚಿಸಿದೆ. ಮದ್ದೂ ಆಯಿತು, ಪಾಠವೂ ಆಯಿತು ಎಂದು ಬೀಗಿದೆ. ಮರುದಿನ ನೋಡಿದರೆ ಕಾಲಿನ ತುಂಬ ಗುಳ್ಳೆ. ಉರಿ ಇಳಿದೇ ಇರಲಿಲ್ಲ.

ಆಗ ಆ ಇರುವೆಯನ್ನು ಹಿಡಿದು ಮಸೂರದಡಿ ಇಟ್ಟೆ. ಮೊದಲೇ ಮಾಡಬೇಕಾಗಿದ್ದ ಕೆಲಸ!

ಮಕ್ಕಳೇ, ಇರುವೆಯ ಎದೆಗೂ ದುಂಡು ಹೊಟ್ಟೆಗೂ ನಡುವೆ ಸಣ್ಣ ಸೊಂಟವಿದೆಯಲ್ಲ, ಅದೂ ಉದರದ ಭಾಗವೇ. ಅಲ್ಲಿ ಒಂದು ಗಂಟಿರುತ್ತದೆ, ಇಲ್ಲವೇ ಎರಡು. ಗೆದ್ದಲಿಗೆ ಈ ಸೊಂಟವೇ ಇಲ್ಲ. ಅದನ್ನು ಬಿಳಿ ಇರುವೆ ಎಂದು ಕರೆದರೂ ಅದು ಇರುವೆಯ ಜಾತಿಯದಲ್ಲ.

ಮಾವಿನ ಎಲೆ ಹೆಣೆದು ಕೊಟ್ಟೆ ಕಟ್ಟುವ ಚಗಳಿಯನ್ನು ನೋಡಿ: ಸೊಂಟದಲ್ಲಿ ಒಂದೇ ಗಂಟು. ಮನೆಯಂಗಳದ ಕಪ್ಪು ಗೊದ್ದಕ್ಕೂ ಒಂದೇ. ಇವೆರಡಕ್ಕೂ ಮುಳ್ಳಿಲ್ಲ. ಬಾಲದ ತುದಿಯಲ್ಲಿ ಪುಟ್ಟ ದುಂಡು ರಂಧ್ರವಿದ್ದು, ಅದರಿಂದ ಫಾರ್ಮಿಕ್ ಆಮ್ಲ ಚಿಮ್ಮುತ್ತದೆ. ದವಡೆಯಿಂದ ಕಚ್ಚಿದ ಗಾಯಕ್ಕೆ ಅದು ಬಿದ್ದಾಗಲೇ ಆ ಉರಿ. ನಮ್ಮ ಮಲೆನಾಡಿನ ಚಗಳಿ ಚಟ್ನಿಯ ಹುಳಿಯೂ ಇದೇ ಆಮ್ಲದ್ದು. ಇರುವೆಯಿಂದ ಹೊರಡುವ ಈ ಹುಳಿರಸದ ಬಗ್ಗೆ ಇಂಗ್ಲೆಂಡಿನ ಜಾನ್ ರೇ 1671ರಲ್ಲೇ ಬರೆದಿದ್ದ.

ಹುಡುಗನಿಗೆ ಕಚ್ಚಿದ ಇರುವೆಗೆ ಎರಡು ಗಂಟು! ಅದು ಬೆಂಕಿ ಇರುವೆ, ಸೊಲೆನಾಪ್ಸಿಸ್. ದವಡೆಯಿಂದ ಹಿಡಿದುಕೊಂಡು ಬಾಲದ ಮುಳ್ಳಿನಿಂದ ಚುಚ್ಚುತ್ತದೆ. ಅದರ ವಿಷದಲ್ಲಿ ಹೆಚ್ಚಿನ ಪಾಲು ಕ್ಷಾರಾಭ, ಆಮ್ಲವಲ್ಲ. ಸುಣ್ಣ ಏನು ಮಾಡೀತು? ಚರ್ಮವನ್ನು ಇನ್ನಷ್ಟು ಸುಟ್ಟಿತು, ಅಷ್ಟೆ. ಪೋಷಕರೇ, ಸೋಪು ನೀರಿನಲ್ಲಿ ತೊಳೆದು ತಣ್ಣನೆಯ ಬಟ್ಟೆ ಇಡಿ. ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ಮನೆಮದ್ದು ಬೇಡ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಗೆಂದು ಒಂದೇ ಗಂಟಿನದೆಲ್ಲ ಮುಳ್ಳಿಲ್ಲದ್ದು ಎಂದು ತಿಳಿಯಬೇಡಿ. ಕಾಡಿನಲ್ಲಿ ದೊಡ್ಡ ಕಣ್ಣಿನ, ಉದ್ದ ದವಡೆಯ ಜಿಗಿಯುವ ಇರುವೆಯೊಂದಿದೆ. ಜರ್ಡನ್ 1851ರಲ್ಲಿ ಅದಕ್ಕೆ 'ಸಾಲ್ಟೇಟರ್' ಎಂದು ಹೆಸರಿಟ್ಟ. ಗಂಟು ಒಂದೇ, ಆದರೆ ಮುಳ್ಳಿದೆ.

ನನಗೆ ಅಚ್ಚುಮೆಚ್ಚಿನದು ಬೇರೆ. ತೀರ್ಥಹಳ್ಳಿ, ಸಾಗರದ ಕಾಡಂಚಿನ ಮರಗಳಲ್ಲಿ ಕಂದು ರೊಟ್ಟಿನ ಉಂಡೆಯಂಥ ಗೂಡು ಕಂಡರೆ ನಿಲ್ಲಿ. ಅದರ ಒಡೆಯ ಕ್ರೆಮಟೊಗ್ಯಾಸ್ಟರ್. ಎರಡು ಗಂಟು, ಎರಡನೆಯದು ಹೊಟ್ಟೆಯ ಮುಂತುದಿಗೆ ಸೇರದೆ ಮೇಲ್ಭಾಗಕ್ಕೆ ಸೇರಿರುತ್ತದೆ. ಅದರಿಂದಲೇ ಕೆಣಕಿದಾಗ ಹೃದಯದಾಕಾರದ ಹೊಟ್ಟೆಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿಯಬಲ್ಲದು. ಕಂದು ಮರಕುಟಿಗ ಇದೇ ಗೂಡನ್ನು ಕೊರೆದು ಮೊಟ್ಟೆಯಿಡುತ್ತದೆ!

ಗಂಟು ಎಣಿಸಿದರೆ ಉಪಕುಟುಂಬದ ಸುಳಿವು ಸಿಗುತ್ತದೆ. ಪ್ರಭೇದ ತಿಳಿಯಲು ಮೀಸೆಯ ಗೆಣ್ಣು, ಕೂದಲು ಎಲ್ಲ ನೋಡಬೇಕು. ಅಜಯ್ ನರೇಂದ್ರ ಮತ್ತು ಸುನಿಲ್ ಕುಮಾರ್ 2006ರಲ್ಲಿ ತಂದ ದಕ್ಷಿಣ ಭಾರತದ ಇರುವೆಗಳ ಕೈಪಿಡಿ ಇಂಗ್ಲಿಷಿನಲ್ಲಿದೆ. ದೊಡ್ಡ ತರಗತಿಯವರು ಓದಬಹುದು. ಜೀವಂತ ಇರುವೆ ಬೇಡ. ಕಿಟಕಿಯ ಬಳಿ ಸತ್ತು ಬಿದ್ದಿರುವುದನ್ನು ಬಿಳಿ ಕಾಗದದ ಮೇಲಿಟ್ಟು, ಹತ್ತು ಪಟ್ಟು ಹಿಗ್ಗಿಸುವ ಮಸೂರದಿಂದ ಪಕ್ಕಕ್ಕೆ ಮಲಗಿಸಿ ನೋಡಿ. ಮೇಲಿನಿಂದ ನೋಡಿದರೆ ಗಂಟಿನ ಲೆಕ್ಕ ತಪ್ಪುತ್ತದೆ.

ಹುಡುಗನ ಗುಳ್ಳೆ ವಾರದಲ್ಲಿ ಮಾಯಿತು. ಸುಣ್ಣ ಹಚ್ಚಿಸಿದ್ದು ತಪ್ಪೆಂದು ತರಗತಿಯಲ್ಲಿ ಹೇಳಲು ನನಗೆ ಇನ್ನೂ ಎರಡು ವಾರ ಬೇಕಾಯಿತು.