ಬೀಜದ ವಿನಿಮಯವೂ ಕಹಿಸೋರೆಯೂ

ನಮ್ಮ ಬಡಾವಣೆಯಲ್ಲಿ ಹನ್ನೊಂದು ಮನೆಯವರು ಕೂಡಿ ಒಂದು ತರಕಾರಿತೋಟವನ್ನು ನಡೆಯಿಸುತ್ತಿರುವ ಸಂಗತಿಯನ್ನು ಹಿಂದೆ ಒಂದೆರಡು ಸಾರಿ ಇಲ್ಲಿ ಪ್ರಸ್ತಾಪಿಸಿದ್ದೆನಷ್ಟೆ. ಅದನ್ನು ಓದಿದ ವಾಚಕಮಹಾಶಯರಲ್ಲಿ ಕೆಲವರು, ನಮ್ಮಲ್ಲಿ ವರ್ಷಕ್ಕೊಮ್ಮೆ ನಡೆಯುವ ಬೀಜವಿನಿಮಯದ ಕ್ರಮವೇನು, ತಮ್ಮ ಬೀದಿಯಲ್ಲಿಯೂ ಅದನ್ನು ಆರಂಭಿಸಬೇಕೆಂದಿರುವೆವು, ವಿವರವಾಗಿ ತಿಳಿಸಬೇಕು ಎಂದು ಕಾಗದ ಬರೆದಿರುವರು. ಕ್ರಮವನ್ನು ತಿಳಿಸುವುದೇನೂ ಕಷ್ಟವಲ್ಲ. ಆದರೆ ಅದರಲ್ಲಿ ಅರ್ಧಭಾಗವು ನನ್ನದೊಂದು ತಪ್ಪಿನಿಂದ ಹುಟ್ಟಿದ್ದು. ಆ ತಪ್ಪನ್ನು ಮರೆಯಿಸಿ ಉಳಿದುದನ್ನು ಮಾತ್ರ ಬರೆದರೆ, ಮೂವತ್ತಮೂರು ವರ್ಷ ಹುಡುಗರಿಗೆ ವ್ಯಾಕರಣ ಹೇಳಿದವನು ಸೂತ್ರವನ್ನು ಒಪ್ಪಿಸಿ ಅಪವಾದವನ್ನು ನುಂಗಿಕೊಂಡಂತಾಗುವುದು. ಆದುದರಿಂದ ಎರಡನ್ನೂ ಬರೆಯುತ್ತೇನೆ.

ತೋಟವಿರುವುದು ಮೈಸೂರಿನ ಅಂಚಿನಲ್ಲಿ, ಒಂದಕ್ಕೊಂದು ತಗುಲಿದ ಎರಡು ಅರವತ್ತು-ನಲವತ್ತರ ನಿವೇಶನಗಳಲ್ಲಿ. ಅವುಗಳ ಒಡೆಯರು ಬೇರೆ ಊರಿನಲ್ಲಿರುವರು; ತಾವು ಮನೆ ಕಟ್ಟುವವರೆಗೆ ಬೆಳೆದುಕೊಳ್ಳಿರೆಂದು 2021ರಲ್ಲಿ ಕಾಗದದ ಮೇಲೆ ಬರೆದು ರುಜು ಹಾಕಿಕೊಟ್ಟರು. ಬಾಯಿಮಾತಿನ ಒಪ್ಪಿಗೆಯ ಮೇಲೆ ಯಾರೂ ಗುದ್ದಲಿ ಎತ್ತಬಾರದು. ಮನೆಗೊಂದರಂತೆ ಹನ್ನೊಂದು ಪಾತಿಗಳು, ಬೇಲಿಯ ಉದ್ದಕ್ಕೂ ಎಲ್ಲರಿಗೂ ಸೇರಿದ ಬಳ್ಳಿಯ ಚಪ್ಪರ, ಮೂಲೆಯಲ್ಲಿ ಗೊಬ್ಬರದ ಗುಂಡಿ. ನೀರಿನ ಸರದಿಯ ವಿಷಯವಾಗಿ ನಡೆದ ವಾಗ್ವಾದಗಳನ್ನು ಬರೆಯಹೊರಟರೆ ಅದೇ ಒಂದು ಪರ್ವವಾದೀತು, ಬಿಡೋಣ.

ಅಂಗಡಿಯಲ್ಲಿ ಬೇಕಾದಷ್ಟು ಬೀಜ ದೊರೆಯುತ್ತಿರುವಾಗ ವಿನಿಮಯವೇಕೆಂದು ಕೆಲವರು ಕೇಳುವುದುಂಟು. ಅಂಗಡಿಯ ಪೊಟ್ಟಣಗಳಲ್ಲಿ ಈಗ ಬಹುಭಾಗ ಸಂಕರತಳಿ. ಅದು ಮೊದಲನೆಯ ವರ್ಷ ಚೆನ್ನಾಗಿಯೇ ಫಲಿಸುವುದು. ಅದರ ಕಾಯಿಂದ ಬೀಜ ತೆಗೆದು ಬಿತ್ತಿದರೆ ಒಂದು ಗಿಡ ಅಜ್ಜನಂತೆ, ಒಂದು ಅಜ್ಜಿಯಂತೆ, ಇನ್ನೊಂದು ಇಬ್ಬರಲ್ಲಿ ಯಾರಂತೆಯೂ ಅಲ್ಲದೆ ಹುಟ್ಟುವುದು. ಹಾಗಾಗಿ ವರ್ಷವರ್ಷವೂ ಹೊಸದಾಗಿ ಕೊಳ್ಳುವುದೇ ಗತಿ. ಮನೆಯಲ್ಲಿ ಕಾಪಾಡಿಕೊಂಡು ಬಂದ ನಾಟಿ ಬೀಜದ ರೀತಿ ಬೇರೆ. ನನ್ನ ಬಾಲ್ಯದಲ್ಲಿ ನಮ್ಮ ಹಳ್ಳಿಯ ಮನೆಯ ಹಿತ್ತಿಲಗೋಡೆಯಲ್ಲಿ ಬೆರಣಿ ತಟ್ಟುವಾಗ ಅಜ್ಜಿಯು ಕುಂಬಳ, ಸೋರೆಗಳ ಬೀಜವನ್ನು ಸಗಣಿಯೊಳಗೇ ಅದುಮಿಡುತ್ತಿದ್ದರು. ಅವರೆಯ ಬೀಜಕ್ಕೆ ಬೂದಿ, ತೊಗರಿಗೆ ಕೆಮ್ಮಣ್ಣು. ಮಳೆ ಹತ್ತಿರವಾದಾಗ ನೆರೆಯವರು ಬಂದು ಕೇಳಿದರೆ ಒಂದು ಬೆರಣಿಯನ್ನು ಕಿತ್ತುಕೊಡುವರು. ಮುಂದಿನ ವರ್ಷ ಅವರ ಮನೆಯಿಂದ ಮತ್ತೇನೋ ಬರುವುದು. ಈ ಕೊಟ್ಟು ತರುವ ವ್ಯವಹಾರಕ್ಕೆ ಯಾರೂ ಒಂದು ಹೆಸರಿಟ್ಟಿರಲಿಲ್ಲ.

ನಮ್ಮ ಬೀಜದ ದಿನವು ವೈಶಾಖ ಮಾಸದ ಕೊನೆಯ ಭಾನುವಾರ. ಕೆಲವು ವರ್ಷ ರೋಹಿಣಿ ಮಳೆಗೆ ಅದರಿಂದ ಕೆಲವು ದಿನಗಳ ಬಿಡುವು ದೊರೆಯುವುದು. ಬಡಾವಣೆಯ ರಾಮಮಂದಿರದ ಅಂಗಳದಲ್ಲಿ ಜಮಖಾನ ಹಾಸಿ ಪೊಟ್ಟಣಗಳನ್ನು ಇಡುತ್ತೇವೆ. ತರುವುದಕ್ಕೆ ಬೀಜವಿಲ್ಲದವರೂ ಬರಬಹುದು. ತೆಗೆದುಕೊಂಡವರು ಮುಂದಿನ ವರ್ಷ ಬೆಳೆದು ಅಷ್ಟನ್ನಾದರೂ ಹಿಂದಿರುಗಿಸತಕ್ಕದ್ದು. ಹಣದ ಮಾತಿಲ್ಲ. ತರುವ ಮುಂಚೆ ಹತ್ತು ಬೀಜಗಳನ್ನು ಒದ್ದೆಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವೆಂದು ಎಣಿಸಬೇಕು. ಆರಕ್ಕೆ ಕಡಿಮೆಯಾದರೆ ಮನೆಯಲ್ಲಿಯೇ ಇರಲಿ. ಈರುಳ್ಳಿಬೀಜವು ಒಂದು ವರ್ಷ ದಾಟಿದರೆ ನಂಬತಕ್ಕದ್ದಲ್ಲ. ಒಣಗಿಸುವ ವಿಷಯದಲ್ಲಿ ಕೌಟಿಲ್ಯನು ಅರ್ಥಶಾಸ್ತ್ರದ ಸೀತಾಧ್ಯಕ್ಷ ಪ್ರಕರಣದಲ್ಲಿ, ಧಾನ್ಯಬೀಜಗಳನ್ನು ಏಳು ದಿನ ರಾತ್ರಿ ಇಬ್ಬನಿಗೂ ಹಗಲು ಬಿಸಿಲಿಗೂ ಒಡ್ಡಬೇಕೆಂದು ವಿಧಿಸಿರುವನು. ನಾನು ಶಾಸ್ತ್ರಾಭಿಮಾನದಿಂದ ಇದನ್ನು ಟೊಮೇಟೊಬೀಜದ ಮೇಲೆ ಪ್ರಯೋಗಿಸಿ, ನಾಲ್ಕನೆಯ ದಿನ ಬೂಷ್ಟು ಹಿಡಿದುದನ್ನು ಕಂಡು ನನ್ನ ಮನೆಯವರು ನಕ್ಕರು. ಆಚಾರ್ಯನು ಧಾನ್ಯವೆಂದಿದ್ದನು, ತಪ್ಪು ಅವನದಲ್ಲ. ತರಕಾರಿಬೀಜಕ್ಕೆ ನೆರಳಿನ ಗಾಳಿಯೇ ಸಾಕು.

ಮೊದಲನೆಯ ವರ್ಷ, ಎಂದರೆ 2022ರಲ್ಲಿ, ಹೀಗೆ ಬೀಜ ಹಂಚುವುದು ಕಾನೂನಿಗೆ ವಿರುದ್ಧವೆಂದು ಒಬ್ಬರು ಹೆದರಿಸಿದರು. ಬಡಾವಣೆಯ ವಕೀಲರೊಬ್ಬರು ಗ್ರಂಥವನ್ನೇ ತಂದು ತೋರಿಸಿದರು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯ 39ನೆಯ ಪ್ರಕರಣದಲ್ಲಿ, ರೈತನು ತಾನು ಬೆಳೆದುದರ ಬೀಜವನ್ನು ಉಳಿಸಿಕೊಳ್ಳಲು, ಮತ್ತೆ ಬಿತ್ತಲು, ವಿನಿಮಯ ಮಾಡಲು, ಹಂಚಲು, ಮಾರಲು ಸಹ ಅಧಿಕಾರವುಳ್ಳವನೆಂದಿದೆ. ಸಂರಕ್ಷಿತ ತಳಿಯ ಬೀಜವನ್ನು ಕಂಪೆನಿಯ ಮಾಲಿನಂತೆ ಮುದ್ರೆಯೊತ್ತಿ ಮಾರಕೂಡದು, ಅಷ್ಟೆ. ತಾನೇ ನೆಲದಲ್ಲಿ ದುಡಿದು ಬೆಳೆಯುವವನನ್ನು ಆ ಕಾಯಿದೆಯು ರೈತನೆಂದೇ ಕರೆಯುವುದರಿಂದ, ನನ್ನ ಮನೆಯವರು ಅಂದಿನಿಂದ ನನ್ನನ್ನು ರೈತರೆಂದು ಹಾಸ್ಯಮಾಡುವುದುಂಟು.

ಇನ್ನು ತಪ್ಪಿನ ಕಥೆ. ನಮ್ಮ ತಾಯಿಯ ತವರಿನಿಂದ ಬಂದ ಉದ್ದಸೋರೆಯ ಬೀಜ ನನ್ನಲ್ಲಿತ್ತು. 2022ರಲ್ಲಿ ಅದನ್ನು ಬೇಲಿಯ ಚಪ್ಪರಕ್ಕೆ ಹಬ್ಬಿಸಿದೆನು. ಕಾಯಿ ಎಳೆದಾಗಿ, ಸಿಹಿಯಾಗಿ, ಪಲ್ಯಕ್ಕೂ ಹಾಲುಗೂಟಿಗೂ ಹೇಳಿಮಾಡಿಸಿದಂತಿತ್ತು. ಎರಡು ಕಾಯಿಗಳನ್ನು ಬಲಿಯಬಿಟ್ಟು ಬೀಜ ತೆಗೆದು, 2023ರ ವೈಶಾಖದಲ್ಲಿ ಆರು ಪೊಟ್ಟಣ ಕಟ್ಟಿ, ಬೀಜಶುದ್ಧಿಯೆಂಬ ವಿಷಯದ ಮೇಲೆ ಕಾಲು ಗಂಟೆ ಉಪನ್ಯಾಸವನ್ನೂ ಮಾಡಿ ಹಂಚಿದೆನು. ಅದೇ ವರ್ಷ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಏಳನೆಯ ಪಾತಿಯ ಮನೆಯ ತಾಯಿಯು ನಮ್ಮ ಬಾಗಿಲಿಗೆ ಬಂದು, "ಮೇಷ್ಟ್ರೇ, ನಮ್ಮ ಯಜಮಾನರು ಆಸ್ಪತ್ರೆಯಲ್ಲಿದ್ದಾರೆ. ನಿಮ್ಮ ಸೋರೆಕಾಯಿಯ ರಸ ಕುಡಿದರು" ಎಂದಷ್ಟೇ ಹೇಳಿದರು.

ಅವರ ಯಜಮಾನರು ಮಧುಮೇಹದವರು. ಯಾರೋ ಹೇಳಿದರೆಂದು ಬರಿಹೊಟ್ಟೆಯಲ್ಲಿ ಸೋರೆಯ ರಸ ಕುಡಿಯುವ ಅಭ್ಯಾಸ ಮಾಡಿಕೊಂಡಿದ್ದರು. ಅರ್ಧ ಗಂಟೆಯೊಳಗೆ ವಾಂತಿ, ವಾಂತಿಯಲ್ಲಿ ರಕ್ತ. ನಾನು ಹೋಗಿ ನೋಡಿದಾಗ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದರು. ನನ್ನನ್ನು ಕಂಡು ಕ್ಷೀಣಸ್ವರದಲ್ಲಿ, "ಕಹಿಯಾಗಿಯೇ ಇತ್ತು ಮೇಷ್ಟ್ರೇ. ಕಹಿಯಾದುದು ಔಷಧವಲ್ಲವೇ ಎಂದು ಕುಡಿದೆ. ನೀವು ಕೊಟ್ಟ ಬೀಜವಲ್ಲವೇ, ಕೆಟ್ಟದ್ದಿರಲಾರದು ಎಂದುಕೊಂಡೆ" ಎಂದರು. ನಾಲ್ಕು ದಿನಗಳ ಮೇಲೆ ಮನೆಗೆ ಬಂದರು. ಆ ಎರಡನೆಯ ವಾಕ್ಯವು ಈಗಲೂ ನನ್ನ ಕಿವಿಯಲ್ಲಿದೆ.

ಆದರೆ ಆ ಹೊತ್ತಿನಲ್ಲಿ ಪಶ್ಚಾತ್ತಾಪಕ್ಕೆ ಬಿಡುವಿರಲಿಲ್ಲ. ಉಳಿದ ಐದು ಪೊಟ್ಟಣಗಳು ಎಲ್ಲಿ? ಯಾರಿಗೆ ಕೊಟ್ಟೆನೆಂದು ನಾನು ಬರೆದಿಟ್ಟಿರಲಿಲ್ಲ. ಮೂರು ಮನೆಗಳು ನೆನಪಿಗೆ ಬಂದವು. ಅಂದು ಸಂಜೆಯೇ ಅಲ್ಲಿಗೆ ಹೋಗಿ ಬಳ್ಳಿಗಳನ್ನು ಬುಡಸಹಿತ ಕೀಳಿಸಿದೆನು. ನಾಲ್ಕನೆಯದನ್ನು ತೆಗೆದುಕೊಂಡವರು ಬಿತ್ತಲು ಮರೆತು ದೇವರ ಗೂಡಿನಲ್ಲಿಟ್ಟಿದ್ದರು. ಅವರ ಮರವೆಗೆ ಕೈಮುಗಿದೆನು. ಐದನೆಯದು ಯಾರದೋ ಮಗಳ ಕೈಯಲ್ಲಿ ಹಾಸನಕ್ಕೆ ಹೋಗಿತ್ತು. ಅದು ಯಾರ ಮಗಳೆಂದು ಪತ್ತೆಹಚ್ಚಿ ದೂರವಾಣಿಯಲ್ಲಿ ಮಾತನಾಡುವಷ್ಟರಲ್ಲಿ ಎರಡು ರಾತ್ರಿ ಕಳೆಯಿತು. ಆಕೆ, "ಕಾಯಿ ಬಿಟ್ಟಿದೆ ಸಾರ್, ನಾಳೆ ಹುಳಿ ಮಾಡೋಣ ಅಂತಿದ್ದೆ" ಎಂದಳು.

ಸಿಹಿಕಾಯಿಯ ಬೀಜದಿಂದ ಕಹಿಕಾಯಿ ಹುಟ್ಟಿದುದು ಹೇಗೆ? ನಮ್ಮ ಬೇಲಿಯಾಚೆ ಸಂಗೀತದ ಮೇಷ್ಟರೊಬ್ಬರಿರುವರು. ನಮ್ಮ ಕಡೆಯ ತಂಬೂರಿಗೆ ಹಲಸಿನ ಮರದ ಕೊಡ. ಮಿರಜಿನ ತಂಬೂರಿಗೆ ಸೋರೆಯ ಬುರುಡೆ. ಅವರು ಕುತೂಹಲದಿಂದ ಪಂಢರಪುರದ ಕಡೆಯಿಂದ ಬುರುಡೆಸೋರೆಯ ಬೀಜ ತರಿಸಿ 2022ರಲ್ಲಿಯೇ ತಮ್ಮ ಹಿತ್ತಿಲಲ್ಲಿ ಹಬ್ಬಿಸಿದ್ದರು. ಅದು ದಪ್ಪ ಚಿಪ್ಪಿನ, ತಿನ್ನಲಾಗದ ಕಹಿಯ ಜಾತಿ. ಸೋರೆಯ ಬಿಳಿಯ ಹೂ ಸಂಜೆ ಅರಳುವುದು. ರಾತ್ರಿಯ ಪತಂಗಗಳು ಬೇಲಿಯನ್ನು ಎಣಿಸುವುದಿಲ್ಲ. ಅಲ್ಲಿಯ ಪರಾಗ ಇಲ್ಲಿಯ ಹೆಣ್ಣುಹೂವಿಗೆ ಬಂದಿತು. ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ: ಕಾಯಿಯ ತಿರುಳು ಕೇವಲ ತಾಯಿಯದು, ಒಳಗಿನ ಬೀಜ ಮಾತ್ರ ತಂದೆತಾಯಿಗಳಿಬ್ಬರದು. ಆದುದರಿಂದ ಬೆರಕೆಯಾದ ವರ್ಷದ ಕಾಯಿ ಸಿಹಿಯಾಗಿಯೇ ಇದ್ದಿತು. ಅದರ ಬೀಜವನ್ನು ಬಿತ್ತಿದ ಮೇಲೆ ಬೆರಕೆಯು ನಾಲಗೆಗೆ ಗೊತ್ತಾಯಿತು. ಕಹಿಯೇ ಪ್ರಬಲವಾದ ಗುಣವಾದುದರಿಂದ ಮೊದಲನೆಯ ಪೀಳಿಗೆಯಲ್ಲಿಯೇ ಮೇಲೆದ್ದಿತು. ನಾನು ತಿಂದು ನೋಡಿಯೇ ಕೊಟ್ಟೆನೆಂಬ ಸಮಾಧಾನಕ್ಕೆ ಅರ್ಥವಿರಲಿಲ್ಲ.

ಈ ಕಹಿಯ ದ್ರವ್ಯಕ್ಕೆ ಕುಕರ್ಬಿಟಾಸಿನ್ ಎಂದು ಹೆಸರು, ಬೇಯಿಸಿದರೂ ಹೋಗದು. ಕಹಿಸೋರೆಯ ರಸದಿಂದ ನಮ್ಮ ದೇಶದಲ್ಲಿ ಪ್ರಾಣಹಾನಿಯೂ ಆಗಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯೊಂದು ಇದನ್ನು ಪರೀಕ್ಷಿಸಿ, 2012ರಲ್ಲಿ ಅದರ ವರದಿಯು ಪ್ರಕಟವಾಯಿತು. ಹಸಿಯ ಚೂರೊಂದನ್ನು ಮೊದಲು ನಾಲಗೆಗೆ ಇಟ್ಟು ನೋಡಬೇಕು, ಕಹಿಯಿದ್ದರೆ ಉಗಿದು ಕಾಯನ್ನು ಎಸೆಯಬೇಕು, ಕುಡಿದು ಅಸ್ವಸ್ಥರಾದವರು ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುದು ಅದರ ಸಲಹೆ. ಇಷ್ಟಕ್ಕೂ ಇದು ನನಗೆ ತಿಳಿಯದ ವಿಷಯವೂ ಅಲ್ಲವೆಂಬುದೇ ನಾಚಿಕೆಯ ಮಾತು. ಚರಕಸಂಹಿತೆಯ ಕಲ್ಪಸ್ಥಾನದಲ್ಲಿ ಕಹಿಸೋರೆಗೆಂದು ಒಂದು ಅಧ್ಯಾಯವೇ ಇದೆ. ವಾಂತಿಮಾಡಿಸುವ ಔಷಧಗಳಲ್ಲಿ ಅದೊಂದು. ಅಲ್ಲಿ ಅದರ ಹೆಸರು ಇಕ್ಷ್ವಾಕು. ರಘುವಂಶದ ಮೂಲಪುರುಷನ ಹೆಸರು ಈ ಕಾಯಿಗೆ ಹೇಗೆ ಬಂದಿತೆಂದು ನಾನು ವಿದ್ಯಾರ್ಥಿದೆಸೆಯಲ್ಲಿ ತಲೆಕೆಡಿಸಿಕೊಂಡಿದ್ದೆನು. ಅದನ್ನು ಬಿಟ್ಟು ಬೇಲಿಯಾಚೆ ಕಣ್ಣು ಹಾಯಿಸಿದ್ದರೆ ಒಳ್ಳೆಯದಾಗುತ್ತಿತ್ತು.

ಭಾದ್ರಪದದಲ್ಲಿ ಹನ್ನೊಂದು ಮನೆಯವರ ಸಭೆ ಸೇರಿತು. ಬೀಜದ ದಿನವನ್ನು ನಿಲ್ಲಿಸಿಬಿಡೋಣ, ಎಲ್ಲರೂ ಅಂಗಡಿಯಿಂದ ತರೋಣ ಎಂದು ನಾಲ್ಕು ಮನೆಯವರ ಅಭಿಪ್ರಾಯ. ಅವರ ಭಯವು ನ್ಯಾಯವಾದುದೇ. ನಾನು ಮಾತನಾಡದೆ ಕುಳಿತಿದ್ದೆನು. ಆಗ ಏಳನೆಯ ಪಾತಿಯ ತಾಯಿಯೇ ಎದ್ದು, "ಅಂಗಡಿಯ ಪೊಟ್ಟಣದ ಮೇಲೆ ತಾರೀಖು ಇರುತ್ತೆ, ನಂಬರು ಇರುತ್ತೆ. ಮೇಷ್ಟ್ರ ಪೊಟ್ಟಣದ ಮೇಲೆ ‘ಉದ್ದಸೋರೆ’ ಅಂತ ಬಿಟ್ಟು ಏನೂ ಇರಲಿಲ್ಲ. ಅದನ್ನು ಸರಿಮಾಡಿ" ಎಂದರು. ಅಂದಿನ ನಿರ್ಣಯದಿಂದಲೇ ಈಗಿನ ಕ್ರಮ ಬಂದುದು.

ಈಗ ಪ್ರತಿಯೊಂದು ಪೊಟ್ಟಣದ ಮೇಲೂ ಬೆಳೆದವರ ಹೆಸರು, ಪಾತಿಯ ಸಂಖ್ಯೆ, ಕಾಯಿ ಕೊಯ್ದ ತಿಂಗಳು ಇವುಗಳೊಂದಿಗೆ, ಆ ಬಳ್ಳಿ ಹೂಬಿಟ್ಟಾಗ ಸುತ್ತಮುತ್ತ ಅದೇ ಜಾತಿಯದು ಮತ್ತೇನು ಹೂಬಿಟ್ಟಿತ್ತೆಂಬುದನ್ನು ಬರೆಯತಕ್ಕದ್ದು. ತಿಳಿಯದಿದ್ದರೆ ‘ತಿಳಿಯದು’ ಎಂದು ಬರೆಯಲು ಯಾರೂ ಸಂಕೋಚಪಡಬೇಕಾಗಿಲ್ಲ. ಅಂಥ ಪೊಟ್ಟಣವನ್ನು ಬೇರೆ ತಟ್ಟೆಯಲ್ಲಿಡುತ್ತೇವೆ. ಕೊಟ್ಟ ಪ್ರತಿಯೊಂದು ಪೊಟ್ಟಣವೂ ಯಾರಿಗೆ ಹೋಯಿತೆಂದು ಪುಸ್ತಕದಲ್ಲಿ ದಾಖಲಾಗುವುದು. ಹಾಸನದ ಆ ಎರಡು ರಾತ್ರಿಗಳ ಫಲವೇ ಈ ಪುಸ್ತಕ.

ಎಲ್ಲ ಬೀಜಕ್ಕೂ ಇಷ್ಟು ಭಯ ಬೇಕಿಲ್ಲ. ಹುರುಳಿಕಾಯಿ, ಟೊಮೇಟೊಗಳ ಹೂ ಬಹುಮಟ್ಟಿಗೆ ತನ್ನಲ್ಲಿಯೇ ಫಲಕಟ್ಟುವುದು. ಹೊಸಬರು ಇವುಗಳಿಂದಲೇ ಆರಂಭಿಸಲಿ. ಸರ್ಕಾರದ ಬೀಜ ಪ್ರಮಾಣೀಕರಣದ ನಿಯಮದಂತೆ ಟೊಮೇಟೊ ತಳಿಗಳ ನಡುವೆ 25 ಮೀಟರು ಅಂತರವಿದ್ದರೆ ಸಾಕು. ಬದನೆಗೆ 100 ಮೀಟರು. ಸೋರೆ, ಹೀರೆ, ಕುಂಬಳಗಳಿಗೆ 500 ಮೀಟರು. ಎಂಬತ್ತು ಅಡಿಯ ತೋಟದವರು 500 ಮೀಟರನ್ನು ಎಲ್ಲಿಂದ ತರುವುದು? ಆದುದರಿಂದ ನಾವು ಬಳ್ಳಿಗಳಿಗೆ ಕೈಯಿಂದಲೇ ಪರಾಗ ಮುಟ್ಟಿಸುತ್ತೇವೆ. ಉದ್ದ ತೊಟ್ಟಿನದು ಗಂಡುಹೂ. ಬುಡದಲ್ಲಿ ಬೆರಳಷ್ಟು ಎಳೆಗಾಯಿಯುಳ್ಳದ್ದು ಹೆಣ್ಣು. ಅಂದಿನ ಸಂಜೆ ಅರಳಲಿರುವ ಮೊಗ್ಗು ನಾಲ್ಕು ಗಂಟೆಯ ಹೊತ್ತಿಗೆ ಬೆಳ್ಳಗೆ ಉಬ್ಬಿರುವುದು. ಗಂಡೊಂದನ್ನೂ ಹೆಣ್ಣೊಂದನ್ನೂ ಆಗಲೇ ಮೆತ್ತನೆಯ ನೂಲಿನಿಂದ ತುದಿಯಲ್ಲಿ ಕಟ್ಟಬೇಕು. ಮುಸ್ಸಂಜೆಯಲ್ಲಿ ಗಂಡುಹೂವನ್ನು ಕಿತ್ತು, ದಳಗಳನ್ನು ಬಿಡಿಸಿ, ಒಳಗಿನ ಪರಾಗವನ್ನು ಹೆಣ್ಣುಹೂವಿನ ನಡುವಿಗೆ ಮೃದುವಾಗಿ ಸೋಕಿಸಿ, ಹೆಣ್ಣುಹೂವನ್ನು ಮತ್ತೆ ತೆಳುಬಟ್ಟೆಯಲ್ಲಿ ಮುಚ್ಚಿ, ತೊಟ್ಟಿಗೆ ಕೆಂಪುನೂಲು ಕಟ್ಟಬೇಕು. ಎರಡು ದಿನಗಳ ಮೇಲೆ ಬಟ್ಟೆ ತೆಗೆಯಬಹುದು. ಕೆಂಪುನೂಲು ಮಾತ್ರ ಕೊಯ್ಯುವವರೆಗೂ ಇರಬೇಕು. ಚಿಪ್ಪು ಗಟ್ಟಿಯಾಗಿ, ಅಲುಗಿಸಿದರೆ ಬೀಜ ಗಲಗಲನೆ ಸದ್ದುಮಾಡುವಾಗ ಕಾಯಿ ಪಕ್ವವಾಯಿತೆಂದು ತಿಳಿಯುವುದು. ಸಂಗೀತದ ಮೇಷ್ಟರು ಈ ಕೆಲಸದಲ್ಲಿ ನನಗಿಂತ ನಿಪುಣರಾಗಿರುವರು. ಅವರ ಬೆರಳು ಹಗುರ.

ನಮ್ಮ ತಾಯಿಯ ತವರಿನ ಹಳೆಯ ಬೀಜದಲ್ಲಿ ಒಂಬತ್ತು ನನ್ನಲ್ಲಿ ಉಳಿದಿದ್ದವು. 2024ರಲ್ಲಿ ಬಿತ್ತಿದಾಗ ಮೂರು ಮೊಳೆತವು. ಕೆಂಪುನೂಲಿನ ಎರಡು ಕಾಯಿಗಳು ದೊರೆತವು. ಅವುಗಳ ಬೀಜವನ್ನು ಯಾರಿಗೂ ಕೊಡದೆ, ಮೊದಲು ನನ್ನ ಪಾತಿಯಲ್ಲಿಯೇ ಬಿತ್ತಿ, ಒಂದೊಂದು ಬಳ್ಳಿಯ ಕಾಯನ್ನೂ ನಾವು ಗಂಡಹೆಂಡಿರು ರುಚಿನೋಡಿದ ಮೇಲೆ ಪೊಟ್ಟಣ ಕಟ್ಟಿದುದು. ಆ ಮೇಲಿನ ಬೀಜದ ದಿನ ಏಳನೆಯ ಪಾತಿಯ ತಾಯಿಯು ಪೊಟ್ಟಣವನ್ನು ಕೈಗೆತ್ತಿಕೊಂಡು, ಮೇಲಿದ್ದುದನ್ನು ಕನ್ನಡಕ ಹಾಕಿಕೊಂಡು ಎರಡು ಸಾರಿ ಓದಿ, "ಹೂವನ್ನು ನೀವೇ ಮುಟ್ಟಿಸಿದಿರಾ ಮೇಷ್ಟ್ರೇ?" ಎಂದರು. ಹೌದಮ್ಮಾ ಎಂದೆನು. ಪುಸ್ತಕದಲ್ಲಿ ರುಜು ಹಾಕಿ ತೆಗೆದುಕೊಂಡು ಹೋದರು.

ಅವರ ಚಪ್ಪರದಲ್ಲಿ ಈಗ ಮೊದಲನೆಯ ಕಾಯಿ ಮೊಳದುದ್ದ ಇಳಿದಿದೆ. ಬರುವ ಭಾನುವಾರ ಕೊಯ್ಯುವರಂತೆ. ಹಸಿಯ ಚೂರನ್ನು ಅವರ ಮನೆಯಲ್ಲಿ, ಅವರ ಯಜಮಾನರ ಎದುರಿಗೆ, ಮೊದಲು ನಾನು ಬಾಯಿಗೆ ಹಾಕಿಕೊಳ್ಳತಕ್ಕದ್ದೆಂದು ಹೇಳಿಕಳುಹಿಸಿದ್ದಾರೆ.