ಕಾರಿಗೆ ನೀಲಿ ಟಿಕ್ ಇಲ್ಲ

ಹೈವೇನಲ್ಲಿ ಲಾರಿ ಹಿಂದೆ ಹೋಗ್ತಿದ್ದೀರಿ ಅಂದ್ಕೊಳ್ಳಿ. ಲಾರಿಯ ಮುಂದಿರೋ ಕಾರು ಗಕ್ಕನೆ ಬ್ರೇಕ್ ಹಾಕಿದರೆ ನಿಮಗೆ ಕಾಣೋದಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ತಡವಾದರೂ ನೀವು 28 ಮೀಟರ್ ಮುಂದೆ ಹೋಗಿರ್ತೀರಿ. ಆ ಸೆಕೆಂಡ್ ಉಳಿಸೋಕೆ ಕಾರುಗಳೇ ಒಂದಕ್ಕೊಂದು ರೇಡಿಯೊದಲ್ಲಿ ಮಾತಾಡೋ ತಂತ್ರಜ್ಞಾನ ಇದೆ. ಟವರ್ ಬೇಡ, ಡೇಟಾ ಪ್ಯಾಕೂ ಬೇಡ. ಯುರೋಪಿನಲ್ಲಿ ಎಂಟನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ಇದನ್ನು ಹೊತ್ತೇ ಬಂತು.

ಇದರ ಹಿಂದಿರೋ 802.11ಪಿ ನಮ್ಮ ಮನೆ ವೈಫೈನ ದಾಯಾದಿ. ಸೆಕೆಂಡಿಗೆ 3ರಿಂದ 27 ಮೆಗಾಬಿಟ್‌ವರೆಗೆ ಇದಕ್ಕೆ ಎಂಟು ಗೇರ್‌ಗಳಿವೆ. ಸಿಗ್ನಲ್ ಚೆನ್ನಾಗಿದ್ದರೆ ಮೇಲಿನ ಗೇರ್, ಕುಗ್ಗಿದರೆ ಕೆಳಗಿನದು. ಇದೇ ಅಡಾಪ್ಟಿವ್ ಮಾಡ್ಯುಲೇಷನ್. ಆದರೆ ಗೇರ್ ಬದಲಿಸೋಕೆ ಆ ಕಡೆಯಿಂದ 'ಸಿಕ್ತು' ಅನ್ನೋ ಸುಳಿವು ಬೇಕಲ್ವಾ? ಸುರಕ್ಷತಾ ಸಂದೇಶ ಸುತ್ತಲಿನ ಎಲ್ಲ ಕಾರುಗಳಿಗೂ ಒಟ್ಟಿಗೆ ಹೋಗುತ್ತೆ, ಯಾರೂ ಉತ್ತರ ಕೊಡೋದಿಲ್ಲ. ವಾಟ್ಸಾಪ್‌ನ ನೀಲಿ ಟಿಕ್ ಇಲ್ಲಿಲ್ಲ. ಅದಕ್ಕೇ ಸಾಮಾನ್ಯವಾಗಿ 6 ಮೆಗಾಬಿಟ್‌ಗೇ ಅಂಟಿಕೊಳ್ತಾರೆ. ಗಿಜಿಗುಡೋ ಬಸ್ಸಿನಲ್ಲಿ ಕಂಡಕ್ಟರ್ ಭಾಷಣ ಮಾಡ್ತಾರಾ? 'ಹೋಲ್ಡಾನ್' ಅಂದ್ರೆ ಸಾಕು, ಡ್ರೈವರ್‌ಗೆ ಕೇಳಿಸುತ್ತೆ.

ಬದಲಾಗೋದು ಎಷ್ಟು ಸಲ ಮಾತಾಡ್ಬೇಕು ಅನ್ನೋದು. ಯುರೋಪಿನ ನಿಯಮದಲ್ಲಿ ಕಾರು 4 ಮೀಟರ್ ಸರಿದರೆ ಅಥವಾ 4 ಡಿಗ್ರಿ ತಿರುಗಿದರೆ 'ನಾನಿಲ್ಲಿದ್ದೀನಿ' ಅನ್ನುತ್ತೆ. ಸೆಕೆಂಡಿಗೆ ಹೆಚ್ಚೆಂದರೆ 10 ಸಲ. ಜಾಮ್‌ನಲ್ಲಿ ನಿಂತ ಕಾರಿಗೆ ಒಂದೇ ಸಲ ಸಾಕು. ನೂರಾರು ಕಾರುಗಳು ಒಟ್ಟಿಗೆ ಕೂಗಿಕೊಂಡರೆ ಯಾರ ಮಾತೂ ಯಾರಿಗೂ ಕೇಳಿಸೋದಿಲ್ಲ.

ಇನ್ನು ಸರದಿ. ಕಾರಿನೊಳಗೆ ಸಂದೇಶಗಳು ನಾಲ್ಕು ಸಾಲಿನಲ್ಲಿ ನಿಲ್ತವೆ. ತುರ್ತು ಬ್ರೇಕ್ ಎಚ್ಚರಿಕೆ ಮೊದಲ ಸಾಲು, ಆಂಬುಲೆನ್ಸ್‌ಗೆ ದಾರಿ ಬಿಟ್ಟ ಹಾಗೆ. ನಮ್ಮಂಥ ಸಾಫ್ಟ್‌ವೇರ್‌ನವರಿಗೆ ಒಂದು ಬೈಟ್ ಡೇಟಾನೂ ಕಳೀಬಾರದು ಅನ್ನೋದೇ ಮೊದಲ ಪಾಠ. ಇಲ್ಲಿ ಉಲ್ಟಾ. ಸಾಲಿನಲ್ಲಿ ಕಾಯ್ತಾ ಹಳಸಿದ ಸಂದೇಶವನ್ನು ಎಸೆದುಬಿಡಬೇಕು. ಅರ್ಧ ಸೆಕೆಂಡ್ ಹಳೆಯ 'ನಾನಿಲ್ಲಿದ್ದೀನಿ' ಅಂದ್ರೆ 14 ಮೀಟರ್ ಸುಳ್ಳು. ಅದನ್ನು ನಂಬಿದ ಹಿಂದಿನ ಕಾರಿನ ಗತಿ ಏನು?

ನನಗೆ ಈ ವಿಷಯ ಇಷ್ಟವಾಗೋದು ಇದಕ್ಕೇ. ಸ್ಪೀಡ್ ಟೆಸ್ಟ್ ನೋಡಿ ನೆಟ್‌ವರ್ಕ್ ಅಳೆಯೋ ನಮಗೆ, ನಿಧಾನವಾಗಿ ಆದರೂ ಹೊತ್ತಿಗೆ ಸರಿಯಾಗಿ ಮುಟ್ಟೋ ಒಂದು ಮಾತಿನ ಬೆಲೆ ಇಲ್ಲಿ ಗೊತ್ತಾಗುತ್ತೆ. ಆದರೆ ಆ ಮಾತು ಆಡೋಕೆ ಮುಂದಿನ ಕಾರಿನಲ್ಲೂ ರೇಡಿಯೊ ಇರಬೇಕು, ಕೇಳೋಕೆ ನಿಮ್ಮ ಕಾರಿನಲ್ಲೂ ಇರಬೇಕು. ಅಲ್ಲೀತನಕ ಲಾರಿಯಿಂದ ಸ್ವಲ್ಪ ಅಂತರ ಬಿಟ್ಟೇ ಓಡಿಸಿ.