ದುಭಾಷಿಯನ್ನು ಎಷ್ಟರಮಟ್ಟಿಗೆ ನಂಬಬೇಕು?

ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡದಲ್ಲಿ ಪಾಠವೊಪ್ಪಿಸುವ ಮಕ್ಕಳು ಉಡುಪಿಯ ಸೀಮೆಯಲ್ಲಿ ಅಸಂಖ್ಯ. ಕಾಪುವಿನ ಕಡಲತಡಿಯಲ್ಲಾಗಲಿ ಕಾರ್ಕಳದ ಪೇಟೆಯಲ್ಲಾಗಲಿ ಇದು ಯಾರಿಗೂ ಸೋಜಿಗವಲ್ಲ. ಗಣಕಯಂತ್ರಕ್ಕೆ ಮಾತ್ರ ಈ ಸೌಕರ್ಯವಿಲ್ಲ. ಅದರ ಪ್ರೊಸೆಸರು ತನ್ನ ಮನೆತನದ ಆದೇಶಭಾಷೆಯನ್ನಲ್ಲದೆ ಬೇರೊಂದನ್ನು ಅರಿಯದು.

ಇಂತಹ ಮನೆತನಗಳು ಹಲವುಂಟು. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಾಣುವುದು ೧೯೭೮ರ ಇಂಟೆಲ್ ೮೦೮೬ರಿಂದ ಬೆಳೆದ ಎಕ್ಸ್-೮೬ ವಂಶ. ಕಿಸೆಯ ಫೋನಿನಲ್ಲಿರುವುದು ೧೯೮೫ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಆರ್ಮ್. ೨೦೧೦ರಲ್ಲಿ ಬರ್ಕ್ಲಿಯಲ್ಲಿ ಆರಂಭವಾದ ರಿಸ್ಕ್-ಫೈವ್ ಮೂರನೆಯದು. ಮದರಾಸಿನ ಐಐಟಿಯವರ ‘ಶಕ್ತಿ’ ಪ್ರೊಸೆಸರು ಈ ವಂಶಕ್ಕೆ ಸೇರಿದುದು.

೨೦೧೩ರಲ್ಲಿ ಡಾಕರ್ ಬಂದ ಬಳಿಕ, ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ ಪರಿಕರಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಕಟ್ಟಿ ಕಳುಹಿಸುವ ಪದ್ಧತಿ ವ್ಯಾಪಕವಾಯಿತು. ಈ ಪೆಟ್ಟಿಗೆಯೇ ಕಂಟೈನರು. ಇದು ಎಲ್ಲೆಡೆಯೂ ನಡೆಯುವುದೆಂಬುದು ಅರ್ಧಸತ್ಯ; ಒಳಗಿರುವ ಆದೇಶಗಳು ಒಂದು ಮನೆತನದವೇ ಆಗಿರುತ್ತವೆ. ಆದುದರಿಂದ ಪ್ರತಿಯೊಂದು ಮನೆತನಕ್ಕೂ ಪ್ರತ್ಯೇಕ ಪೆಟ್ಟಿಗೆಯನ್ನು ಕಟ್ಟಬೇಕಾಗುತ್ತದೆ.

ಅನ್ಯಯಂತ್ರವು ಕೈಯಲ್ಲಿಲ್ಲದಿದ್ದರೂ ಈ ಕೆಲಸವನ್ನು ಮಾಡಿಕೊಡುವ ದುಭಾಷಿಯೇ ಎಮ್ಯುಲೇಟರು. ಫ್ರಾನ್ಸಿನ ಫಾಬ್ರಿಸ್ ಬೆಲ್ಲಾರ್ ೨೦೦೩ರಲ್ಲಿ ಹೊರತಂದ ಕ್ಯೂಎಮು ಇವುಗಳಲ್ಲಿ ಪ್ರಸಿದ್ಧವಾದುದು. ಲಿನಕ್ಸಿನಲ್ಲಿ ಪ್ರತಿಯೊಂದು ಪ್ರೋಗ್ರಾಮಿನ ಕಡತದ ಮೊದಲಲ್ಲಿಯೇ ಮನೆತನದ ಸಂಖ್ಯೆಯೊಂದಿರುತ್ತದೆ: ೬೪ ಬಿಟ್ಟಿನ ಎಕ್ಸ್-೮೬ಕ್ಕೆ ೬೨, ಆರ್ಮಿಗೆ ೧೮೩, ರಿಸ್ಕ್-ಫೈವಿಗೆ ೨೪೩. ವ್ಯವಸ್ಥೆಯು ಅನ್ಯಸಂಖ್ಯೆಯನ್ನು ಕಂಡೊಡನೆ ಕಡತವನ್ನು ದುಭಾಷಿಗೆ ಒಪ್ಪಿಸುತ್ತದೆ. ಅದು ಆದೇಶಗಳನ್ನು ತುಂಡುತುಂಡಾಗಿ ಅನುವಾದಿಸಿ, ಒಮ್ಮೆ ಅನುವಾದಿಸಿದುದನ್ನು ಮರುಬಳಕೆಗೆ ಕಾದಿರಿಸುತ್ತದೆ. ಇಷ್ಟಾದರೂ ಕೆಲಸವು ಸ್ವಂತ ಯಂತ್ರದಲ್ಲಿ ಆಗುವುದಕ್ಕಿಂತ ಹಲವು ಪಟ್ಟು ನಿಧಾನ.

ನಿಧಾನವನ್ನು ಸಹಿಸಬಹುದು, ದುಭಾಷಿಯ ಸಾಕ್ಷ್ಯವನ್ನೇ ಪ್ರಯೋಗವೆಂದು ತಿಳಿಯುವುದನ್ನು ಸಹಿಸಲಾಗದು. ಅನುವಾದದಲ್ಲಿ ಅಳೆದ ಕಾಲಾವಧಿಯು ಆರ್ಮ್ ಯಂತ್ರದ ವೇಗವನ್ನು ತಿಳಿಸುವುದಿಲ್ಲ. ಇನ್ನೂ ಸೂಕ್ಷ್ಮವಾದ ಅಪಾಯವೊಂದುಂಟು. ಒಂದು ಕೋರು ಮೊದಲು ಫಲಿತಾಂಶವನ್ನೂ ಬಳಿಕ ‘ಸಿದ್ಧ’ವೆಂಬ ಗುರುತನ್ನೂ ಬರೆಯಿತೆನ್ನೋಣ. ಎಕ್ಸ್-೮೬ರಲ್ಲಿ ಇನ್ನೊಂದು ಕೋರಿಗೆ ಇವು ಅದೇ ಕ್ರಮದಲ್ಲಿ ಕಾಣುತ್ತವೆ. ಆರ್ಮಿನಲ್ಲಿ ಅದಕ್ಕಾಗಿಯೇ ಇರುವ ಆದೇಶವನ್ನು ಕೊಡದ ಹೊರತು ಆ ಕ್ರಮಕ್ಕೆ ಭರವಸೆಯಿಲ್ಲ. ಆದುದರಿಂದ ಎಕ್ಸ್-೮೬ರ ಮೇಲೆ ಕುಳಿತ ದುಭಾಷಿಯ ಮುಂದೆ ಸರಿಯಾಗಿ ನಡೆದ ಪ್ರೋಗ್ರಾಮು ನಿಜವಾದ ಆರ್ಮ್ ಯಂತ್ರದಲ್ಲಿ ಎಂದಾದರೊಂದು ದಿನ ತಪ್ಪಬಹುದು. ರೋಗಿಯ ನಾಡಿಯನ್ನು ಎಣಿಸುವ ಉಪಕರಣದಲ್ಲಿ ಆ ದಿನ ಬಂದರೆ ಗತಿಯೇನು?

ಹಾಗೆಂದು ದುಭಾಷಿಯನ್ನು ತೊರೆಯಬೇಕಾಗಿಲ್ಲ. ೧೯೫೭ರಿಂದ ಎಂಜಿನಿಯರಿಂಗ್ ಶಿಕ್ಷಣದ ನೆಲೆಯಾಗಿರುವ ಮಣಿಪಾಲವೇ ಮೊದಲಾಗಿ ಈ ಜಿಲ್ಲೆಯ ಕಾಲೇಜುಗಳಲ್ಲೆಲ್ಲ, ವಿದ್ಯಾರ್ಥಿಯು ತನ್ನ ಪ್ರೋಗ್ರಾಮನ್ನು ಕನಿಷ್ಠ ಎರಡು ಮನೆತನಗಳಿಗೆ ಕಟ್ಟುವುದನ್ನು ಕಲಿಯಬೇಕು. ಸ್ವದೇಶಿ ಪ್ರೊಸೆಸರು ಮೇಜಿಗೆ ಬರುವ ದಿನಕ್ಕೆ ಪ್ರೋಗ್ರಾಮುಗಳೂ ಸಿದ್ಧವಿರಬೇಡವೆ? ಆದರೆ ಪ್ರಯೋಗಶಾಲೆಯಲ್ಲಿ ಅಗ್ಗದ್ದಾದರೂ ಒಂದು ನಿಜವಾದ ಆರ್ಮ್ ಫಲಕವೂ ಇರಲಿ. ಫಲಿತಾಂಶವು ದೊರೆತುದು ದುಭಾಷಿಯಿಂದಲೋ ಯಂತ್ರದಿಂದಲೋ ಎಂಬುದನ್ನು ವರದಿಯಲ್ಲಿ ಬರೆಯುವ ನಿಯಮವೂ ಇರಲಿ. ಕಟ್ಟುವುದಕ್ಕೆ ದುಭಾಷಿ ಸಾಕು. ಪರೀಕ್ಷಿಸುವುದಕ್ಕೆ ನಿಜವಾದ ಯಂತ್ರವೇ ಬೇಕು.